ಮೇಲಿನ ಮಹಡಿಯ ಗೆಲುವು

ವೇಲಚೇರಿಯಲ್ಲಿ ಬಾಡಿಗೆ ಮನೆ ನೋಡಲು ಹೋದವರು ಅಡ್ವಾನ್ಸ್ ಎಷ್ಟು ಎಂದು ಕೇಳುವ ಮೊದಲು '2015ರಲ್ಲಿ ನೀರು ಎಲ್ಲೀವರೆಗೆ ಬಂದಿತ್ತು?' ಎಂದು ಕೇಳಬೇಕು. ನಾನು ಇದನ್ನು ಕಲಿತದ್ದು ತಡವಾಗಿ. ಆ ವರ್ಷದ ಡಿಸೆಂಬರ್ ಮೊದಲ ವಾರ ನಾನಿದ್ದದ್ದು ನೆಲಮಹಡಿಯಲ್ಲಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ಪಳ್ಳಿಕರಣೈ ಜೌಗು, ನಡುವೆ ನಮ್ಮ ಅಪಾರ್ಟ್‌ಮೆಂಟುಗಳು. ತನ್ನ ಜಾಗವನ್ನು ನಾವು ಆಕ್ರಮಿಸಿಕೊಂಡಿದ್ದಕ್ಕೆ ನೀರು ನಮ್ಮ ಮನೆಗೇ ಬಂತು. ಮಂಚ, ಪುಸ್ತಕ, ಅಕ್ಕಿ ಡಬ್ಬ ಎಲ್ಲ ತೇಲಿದವು.

ಮೂರು ರಾತ್ರಿ ನಾನು ಮಲಗಿದ್ದು ಮೇಲಿನ ಮಹಡಿಯಲ್ಲಿದ್ದ ಕಾಶ್ಮೀರದವರೊಬ್ಬರ ಮನೆಯಲ್ಲಿ. ಅವರು ಶಾಲು, ಕಾರ್ಪೆಟ್ಟು ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿಯವರೆಗೆ ನಮ್ಮ ಪರಿಚಯ ಮೆಟ್ಟಿಲ ಮೇಲೆ ಸಿಕ್ಕಾಗ ತಲೆಯಾಡಿಸುವಷ್ಟು ಮಾತ್ರ. ಕರೆಂಟಿಲ್ಲದ ಆ ಮನೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು ಅವರು ಹೇಳಿದರು: 'ನಮಗೆ ಹೋದ ವರ್ಷ ಬಂತು ಭಾಯ್‌ಸಾಬ್, ನಿಮಗೆ ಈ ವರ್ಷ.' 2014ರ ಸೆಪ್ಟೆಂಬರಿನಲ್ಲಿ ಝೇಲಂ ನದಿ ಉಕ್ಕಿ ಶ್ರೀನಗರವೇ ಮುಳುಗಿದ್ದ ಕತೆ ಅದು. ನನ್ನ ಹರಕು ಹಿಂದಿ, ಅವರ ನಿಧಾನದ ಹಿಂದಿ. ಸ್ನೇಹಕ್ಕೆ ಅಷ್ಟು ಸಾಕಾಯಿತು.

ಆಮೇಲೆ ಫುಟ್‌ಬಾಲ್ ಮಾತು ಬಂತು. ಪ್ರವಾಹದ ನಂತರ ಕೆಲಸವಿಲ್ಲದೆ, ಶಾಲೆಯಿಲ್ಲದೆ ಕೂತಿದ್ದ ಹುಡುಗರಿಗೆ ಶ್ರೀನಗರದ ಇಬ್ಬರು ಗೆಳೆಯರು ಚೆಂಡು ಹಂಚಿದರಂತೆ. ಒಬ್ಬರು ಪತ್ರಿಕೆಯ ಸಂಪಾದಕ ಶಮೀಮ್ ಮೆಹ್ರಾಜ್, ಇನ್ನೊಬ್ಬರು ಹೋಟೆಲು ನಡೆಸುವ ಸಂದೀಪ್ ಛಟ್ಟೂ. ಚೆಂಡು ಹಂಚಿದ್ದು ಬೆಳೆದು 2016ರಲ್ಲಿ ಕ್ಲಬ್ಬಾಯಿತು: ರಿಯಲ್ ಕಾಶ್ಮೀರ್. ಮರುವರ್ಷ ಸ್ಕಾಟ್ಲೆಂಡಿನ ಡೇವಿಡ್ ರಾಬರ್ಟ್‌ಸನ್ ಕೋಚ್ ಆಗಿ ಬಂದರು. ಹಿಂದೆ ಗ್ಲಾಸ್ಗೋದ ರೇಂಜರ್ಸ್ ತಂಡಕ್ಕೆ ಆಡಿದ್ದವರು. ಭಾನುವಾರ ಮಹಡಿಗೆ ಬಟ್ಟೆ ಒಣಹಾಕಲು ಬಂದಾಗಲೆಲ್ಲ ಅವರು ಆ ಹುಡುಗರ ಸುದ್ದಿ ಹೇಳುತ್ತಿದ್ದರು. ನಾನೂ ಕೇಳುತ್ತಿದ್ದೆ. ಯಾಕೆಂದರೆ ನನಗೂ ಆ ಹುಚ್ಚು ಅಪ್ಪನಿಂದ ಬಂದಿತ್ತು.

ಅಪ್ಪ ಬೆಂಗಳೂರಿನಲ್ಲಿ ಎಚ್‌ಎಎಲ್‌ನಲ್ಲಿದ್ದವರು. 2010ರಲ್ಲಿ ಎಚ್‌ಎಎಲ್ ತಂಡ ಎರಡನೇ ಡಿವಿಷನ್ನಿನಿಂದ ಐ-ಲೀಗಿಗೆ ಏರಿದಾಗ ಫೋನು ಮಾಡಿ, 'ನಮ್ ಫ್ಯಾಕ್ಟ್ರಿ ಟೀಮು ಮೇಲಕ್ ಹೋಯ್ತು ಕಣೋ' ಎಂದಿದ್ದರು. ತಾವೇ ಗೋಲು ಹೊಡೆದ ಹಾಗೆ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಜೊತೆ ಎರಡು ಸೀಸನ್ ಆಡಿ 2012ರಲ್ಲಿ ತಂಡ ಕೆಳಗಿಳಿಯಿತು. ನನಗೆ ಬೇಜಾರಾಗಿತ್ತು. ಅಪ್ಪ ಮಾತ್ರ, 'ಆಟ ಅಂದ್ಮೇಲೆ ಒಬ್ರು ಇಳೀಲೇಬೇಕು. ಮುಂದಿನ್ ವರ್ಷ ಮತ್ತೆ ಆಡ್ತಾರೆ ಬಿಡು' ಎಂದು ಮಾತು ಮುಗಿಸಿದರು.

2018ರ ಮೇ ತಿಂಗಳು ಬಂತು. ಎರಡನೇ ಡಿವಿಷನ್ನಿನ ಕೊನೆಯ ಸುತ್ತು ಬೆಂಗಳೂರಿನಲ್ಲಿ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ನಾಲ್ಕು ತಂಡಗಳು: ನಮ್ಮ ಬೆಂಗಳೂರಿನ ಓಝೋನ್, ದೆಹಲಿಯ ಹಿಂದುಸ್ತಾನ್, ಮಣಿಪುರದ ಟ್ರಾವು, ಶ್ರೀನಗರದ ರಿಯಲ್ ಕಾಶ್ಮೀರ್. ಮೇಲೆ ಹೋಗಲು ಇದ್ದ ಜಾಗ ಒಂದೇ. ನಾನು ಓಝೋನ್ ಕಡೆ ಎಂದು ಬೇರೆ ಹೇಳಬೇಕಾಗಿಲ್ಲ. ಊರು ಬಿಟ್ಟವನಿಗೆ ಊರಿನ ಹೆಸರಿರುವ ಏನು ಕಂಡರೂ ಎದೆ ಸ್ವಲ್ಪ ಉಬ್ಬುತ್ತದೆ, ಅದು ಬಸ್ಸಿನ ಬೋರ್ಡಾದರೂ ಸರಿ.

ಮೇ 30ರಂದು ರಿಯಲ್ ಕಾಶ್ಮೀರ್ 3-2ರಿಂದ ಹಿಂದುಸ್ತಾನ್ ತಂಡವನ್ನು ಸೋಲಿಸಿ ಮೇಲೇರಿತು. ಕಾಶ್ಮೀರದ ಕ್ಲಬ್ಬೊಂದು ಐ-ಲೀಗ್ ಮುಟ್ಟಿದ್ದು ಅದೇ ಮೊದಲು. ರಂಜಾನ್ ಉಪವಾಸದ ದಿನಗಳು. ಸಂಜೆ ಉಪವಾಸ ಬಿಟ್ಟ ಮೇಲೆ ಅವರು ತಟ್ಟೆಯಲ್ಲಿ ಖರ್ಜೂರ ಹಿಡಿದು ಕೆಳಗೆ ಬಂದರು. 'ಭಾಯ್‌ಸಾಬ್, ನಿಮ್ಮ ಊರಲ್ಲಿ ನಮ್ಮ ಹುಡುಗರು ಗೆದ್ದರು!' ನಾನು ಅಪ್ಪಿಕೊಂಡೆ. ಅಪ್ಪಿಕೊಂಡಿದ್ದು ಸುಳ್ಳಲ್ಲ. ಆದರೆ ಒಳಗೆ ಒಂದು ಮುಳ್ಳಿತ್ತು, ಅದೂ ಸುಳ್ಳಲ್ಲ. ಓಝೋನ್ ತನ್ನದೇ ಊರಲ್ಲಿ, ತನ್ನದೇ ಮೈದಾನದಲ್ಲಿ ಬಾಗಿಲಾಚೆ ಉಳಿದಿತ್ತು.

ಸಣ್ಣವರು ಗೆದ್ದ ಕತೆ ಯಾರಿಗೆ ಇಷ್ಟವಿಲ್ಲ ಹೇಳಿ? ಮರುದಿನ ಆಫೀಸಿನ ಕ್ಯಾಂಟೀನಿನಲ್ಲಿ ಆ ಕತೆಯನ್ನು ನಾನೇ ರಸವತ್ತಾಗಿ ಹೇಳಿದೆ. ಪ್ರವಾಹ, ಹಿಮ, ಕರ್ಫ್ಯೂ, ಅದರ ನಡುವೆ ಚೆಂಡು, ಕೊನೆಗೆ ಗೆಲುವು. ಎಲ್ಲರೂ ತಲೆದೂಗಿದರು. ಹೇಳುತ್ತಾ ಹೋದಂತೆ ಓಝೋನ್, ಟ್ರಾವು, ಹಿಂದುಸ್ತಾನ್ ಎಲ್ಲ ಕತೆಯಿಂದ ಜಾರಿಹೋದವು. ಅವರೂ ಸಣ್ಣವರೇ. ಅವರ ಹುಡುಗರೂ ಬಸ್ಸಿನಲ್ಲಿ ಬಂದು ಬೆವರು ಸುರಿಸಿದವರೇ. ಸಣ್ಣವನು ದೊಡ್ಡವನನ್ನು ಕೆಡವಿದ ಎಂದುಕೊಂಡು ನಾವು ಚಪ್ಪಾಳೆ ಹೊಡೆಯುತ್ತೇವೆ. ಆ ದಿನ ಮೈದಾನದಲ್ಲಿ ದೊಡ್ಡವನು ಇರಲೇ ಇಲ್ಲ.

ಇದು ನನಗೆ ನಾಟಿದ್ದು ಆ ಕ್ಯಾಂಟೀನಿನಲ್ಲಲ್ಲ, ತಿಂಗಳೊಂದು ಕಳೆದ ಮೇಲೆ. ಆಫೀಸಿನಲ್ಲಿ ಒಂದು ಪ್ರಮೋಷನ್ ಇತ್ತು, ಒಂದೇ. ಸರತಿಯಲ್ಲಿ ಇದ್ದವರು ಇಬ್ಬರು: ನಾನು, ಮತ್ತು ನನ್ನ ಹಿರಿಯ ಸಹೋದ್ಯೋಗಿ. ಚೆನ್ನೈಗೆ ಬಂದ ಹೊಸತರಲ್ಲಿ ತಮಿಳು ಬಾರದೆ ಒದ್ದಾಡುತ್ತಿದ್ದ ನನಗೆ 'ವಾ ತಂಬಿ' ಎಂದು ಕರೆದು ಕೆಲಸ ಕಲಿಸಿದವರು ಅವರು. ಐವತ್ತು ದಾಟಿದ್ದರು. ಪ್ರಮೋಷನ್ ನನಗೆ ಬಂತು. ರಾತ್ರಿ ಮನೆಗೆ ಫೋನು ಮಾಡಿ, 'ಪರಸ್ಥಳದಲ್ಲಿ ಒಬ್ನೇ ಕಷ್ಟಪಟ್ಟೆ ಅಮ್ಮಾ, ಕೊನೆಗೂ ಸಿಕ್ತು' ಎಂದೆ. ನನ್ನ ಧ್ವನಿಯಲ್ಲಿ ಕ್ಯಾಂಟೀನಿನ ಕತೆಯ ಧಾಟಿಯೇ ಇತ್ತು. ಅಮ್ಮ ಸಂತೋಷಪಟ್ಟು, ಆಮೇಲೆ ಸಹಜವಾಗಿ ಕೇಳಿದರು: 'ನಿಂಗೆ ಕೆಲ್ಸ ಕಲಿಸ್ಕೊಟ್ರಲ್ಲ, ತಂಬಿ ತಂಬಿ ಅಂತಿದ್ರಂತಲ್ಲ, ಅವ್ರಿಗೇನಾಯ್ತು?'

'ಏನಿಲ್ಲ' ಎಂದೆ. ಅದೇ ನಿಜ. ಅವರಿಗೆ ಏನೂ ಆಗಿರಲಿಲ್ಲ.

ಆಟದಲ್ಲಿ ಗೆದ್ದವನು ತಪ್ಪು ಮಾಡಿದವನಲ್ಲ. ಎಲ್ಲರಿಗೂ ಸಮನಾಗಿ ಹಂಚಿದರೆ ಅದು ಪ್ರಸಾದ, ಪಂದ್ಯವಲ್ಲ. ನನ್ನ ಶ್ರಮ ಸುಳ್ಳು ಎಂದೂ ನಾನು ಹೇಳಲಾರೆ. ಪ್ರಶ್ನೆ ಇರುವುದು ಗೆದ್ದ ಮೇಲೆ ನಾವು ಹೇಳಿಕೊಳ್ಳುವ ಕತೆಯಲ್ಲಿ. ಗೆಲುವು ಯೋಗ್ಯತೆಗೆ ಸಾಕ್ಷಿ ಎಂದು ಒಪ್ಪಿಕೊಂಡ ತಕ್ಷಣ, ಸೋಲು ಅಯೋಗ್ಯತೆಗೆ ಸಾಕ್ಷಿ ಎಂದು ಬಾಯಿಬಿಡದೆಯೇ ಒಪ್ಪಿಕೊಂಡಂತಾಗುತ್ತದೆ. ಅದು ಸುಳ್ಳು ಎನ್ನುವುದಕ್ಕೆ ರಿಯಲ್ ಕಾಶ್ಮೀರವೇ ಪುರಾವೆ. ಅದೇ ವರ್ಷ ಐ-ಲೀಗಿನ ತನ್ನ ಮೊದಲ ಪಂದ್ಯದಲ್ಲೇ ಅವರು ಹಿಂದಿನ ಚಾಂಪಿಯನ್ ಮಿನರ್ವ ಪಂಜಾಬ್ ತಂಡವನ್ನು 1-0ರಿಂದ ಸೋಲಿಸಿದರು, ಸೀಸನ್ ಮುಗಿದಾಗ ಮೂರನೆಯವರಾಗಿದ್ದರು. ಆ ಶಕ್ತಿ ಮೇ 30ರ ಸಂಜೆ ಆಕಾಶದಿಂದ ಇಳಿದದ್ದಲ್ಲ. ಕೆಳಗಿದ್ದಾಗಲೂ ಅವರಲ್ಲಿತ್ತು, ಯಾರೂ ನೋಡಿರಲಿಲ್ಲ, ಅಷ್ಟೆ. ಹಾಗಾದರೆ ಕೆಳಗೇ ಉಳಿದವರಲ್ಲಿ ಏನಿತ್ತೋ ಯಾರಿಗೆ ಗೊತ್ತು?

ಇನ್ನು ಗೆದ್ದರೂ ಬಾಗಿಲೇ ಇಲ್ಲದವರ ಪಾಡು. ಅದೇ 2018-19ರ ಐ-ಲೀಗ್ ಗೆದ್ದದ್ದು ಚೆನ್ನೈ ಸಿಟಿ ತಂಡ. ಹೆಸರು ಚೆನ್ನೈ, ಆಡಿದ್ದು ಕೊಯಮತ್ತೂರಿನಲ್ಲಿ. ಈಸ್ಟ್ ಬೆಂಗಾಲಿಗಿಂತ ಒಂದೇ ಪಾಯಿಂಟು ಮುಂದೆ. ಆದರೆ 2014ರಲ್ಲಿ ಶುರುವಾದ ಐಎಸ್‌ಎಲ್‌ಗೆ ಆಗ ಕೆಳಗಿನಿಂದ ಏಣಿಯೇ ಇರಲಿಲ್ಲ. ಗೆದ್ದವರಿಗೆ ಕಪ್ಪು ಸಿಕ್ಕಿತು, ಮೇಲಿನ ಜಾಗ ಸಿಗಲಿಲ್ಲ. ಐ-ಲೀಗ್ ಗೆದ್ದು ಐಎಸ್‌ಎಲ್‌ಗೆ ಮೊದಲು ಏರಿದ್ದು ಪಂಜಾಬ್ ತಂಡ, 2023ರಲ್ಲಿ. ನಾಲ್ಕು ವರ್ಷ ಮೊದಲು ಗೆದ್ದವರ ಬೆವರು ಏನು ಕಡಿಮೆ ಉಪ್ಪಾಗಿತ್ತೇ?

ಅಪ್ಪನ ಆ ಮಾತು ನನಗೆ ಈಗ ಬೇರೆ ಥರ ಕೇಳಿಸುತ್ತದೆ. 'ಮುಂದಿನ್ ವರ್ಷ ಮತ್ತೆ ಆಡ್ತಾರೆ ಬಿಡು.' ಸೋಲನ್ನು ಸಹಿಸುವ ಹಾಗೆ ಮಾಡುವುದು ಅದೊಂದೇ. ಸೋತವನಿಗೆ ಮುಂದಿನ ವರ್ಷ ಇರುವವರೆಗೆ ಗೆದ್ದವನು ತಲೆಯೆತ್ತಿ ಓಡಾಡಬಹುದು. ತಂಡಕ್ಕೇನೋ ಸೀಸನ್ ಮೇಲೆ ಸೀಸನ್ ಬರುತ್ತದೆ. ಐವತ್ತು ದಾಟಿದ ಮನುಷ್ಯನಿಗೆ? ಗೆದ್ದವನಿಗೆ ಋಣ ಅಂತ ಒಂದಿದ್ದರೆ, ಇನ್ನೊಬ್ಬರ ಮುಂದಿನ ವರ್ಷವನ್ನು ಕಾಯುವುದೇ ಅದು ಎಂದು ನನಗೆ ಅನ್ನಿಸುತ್ತದೆ.

ನಾನು ಅದನ್ನು ತೀರಿಸಿದೆ ಎಂದು ಹೇಳುವ ಹಾಗಿದ್ದರೆ ಚೆನ್ನಾಗಿರುತ್ತಿತ್ತು. ಪ್ರಮೋಷನ್ ಬಂದ ಮರುದಿನ ಅವರೇ ನನ್ನ ಟೇಬಲ್ಲಿಗೆ ಬಂದು, ನಾನಿನ್ನು ಮಾಡಬೇಕಾದ ತಿಂಗಳ ವರದಿ ಹೇಗೆಂದು ತೋರಿಸಿಕೊಟ್ಟರು. 'ಸಾರಿ ಸಾರ್' ಎನ್ನಲು ಬಾಯಿ ತೆರೆದೆ. 'ಇಲ್ಲಿ ಕೂಡಿಸುವಾಗ ಎಲ್ಲರೂ ತಪ್ಪುತ್ತಾರೆ ತಂಬಿ, ನೋಡಿಕೋ' ಎಂದು ಮುಂದುವರಿಸಿದರು. ಮರುವರ್ಷ ಇನ್ನೊಂದು ಜಾಗ ಬಂದಾಗ ಅವರ ಹೆಸರು ಬರೆದೆ. ಬರೆಯುವುದರಲ್ಲಿ ಎರಡು ತಿಂಗಳು ತಡ ಮಾಡಿದ್ದೆ. ನನಗೆ ಕೆಲಸವಿತ್ತು, ಮೀಟಿಂಗು ಇತ್ತು. ಅಷ್ಟರಲ್ಲಿ ಅವರು ಕೆಲಸ ಬಿಡುವುದಾಗಿ ಪತ್ರ ಕೊಟ್ಟಾಗಿತ್ತು.

ಮೇಲಿನ ಮಹಡಿಯವರು 2020ರ ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ ಮೇಲೆ ಶ್ರೀನಗರಕ್ಕೆ ಹೋದರು. ಈಗಲೂ ಫೋನು ಬರುತ್ತದೆ. ರಿಯಲ್ ಕಾಶ್ಮೀರದಲ್ಲಿ ಬೆಳೆದ ದಾನಿಶ್ ಫಾರೂಕ್ 2021ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ, 'ನಮ್ಮ ಹುಡುಗ ಪರವೂರಿಗೆ ಬಂದಿದ್ದಾನೆ, ನೋಡಿಕೊಳ್ಳಿ' ಎಂದಿದ್ದರು. ಮನೆ ಬಿಟ್ಟವರ ಚಿಂತೆ ಅವರಿಗೆ ಗೊತ್ತು. 2024ರಲ್ಲಿ ನಮ್ಮ ಎಸ್‌ಸಿ ಬೆಂಗಳೂರು ಕೆಳಗಿನ ಲೀಗ್ ಗೆದ್ದು ಐ-ಲೀಗಿಗೆ ಏರಿತು. ಮರುವರ್ಷವೇ ಇಳಿದದ್ದು ಬೇರೆ ಮಾತು. ಏರಿದ ದಿನ ನಾನೇ ಫೋನು ಮಾಡಿ ಹೇಳಿದೆ. ಅವರು ಅಭಿನಂದಿಸಿ ಕೇಳಿದರು: 'ಈ ಸಲ ಜಾಗ ಎಷ್ಟಿತ್ತು?'

'ಎರಡು. ಗೋವಾದ ಡೆಂಪೊ ಕೂಡ ಹೋಗುತ್ತದೆ.'

'ಎರಡಾ? ಒಳ್ಳೇದಾಯ್ತು' ಎಂದರು.

ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಪಾಯಿಂಟು ಪಟ್ಟಿ ತೆಗೆದು ಮೂರನೆಯವರು ಯಾರೆಂದು ನೋಡಿದೆ.