ಆಯಸ್ಸು ಪಡೆದುಕೊಂಡು ಬಂದದ್ದೇ?



ಐವತ್ತು ದಾಟುವ ಮೊದಲೇ ಯಾರಾದರೂ ತೀರಿಕೊಂಡರೆ ನಮ್ಮ ಕೇರಿಗಳಲ್ಲಿ ಈಗಲೂ ಒಂದು ಮಾತು ಬರುತ್ತದೆ: “ಪಡ್ಕೊಂಡು ಬಂದಿದ್ದೇ ಅಷ್ಟು.” ಹಿಂದಿನ ಜನ್ಮದ ಲೆಕ್ಕವನ್ನು ಈ ಜನ್ಮಕ್ಕೆ ತಗುಲಿಸುವುದನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಒಪ್ಪಲಿಲ್ಲ. ಅದನ್ನು ಓದಿದವರ ನಾಲಿಗೆಯೂ ಸಾವಿನ ಮನೆಯಲ್ಲಿ ಹಳೆಯ ದಾರಿಗೇ ಹೊರಳುತ್ತದೆ.

ಆಯಸ್ಸನ್ನು ಕುಗ್ಗಿಸುವುದು ಏನು? ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಎರಡೆರಡು ಗಂಡು ಇಲಿಗಳನ್ನು ಒಂದೇ ಗೂಡಿನಲ್ಲಿ, ನಡುವೆ ತೂತುಗಳ ತಡಿಕೆ ಇಟ್ಟು ಸಾಕಿದರು. ದಿನಕ್ಕೆ ಸ್ವಲ್ಪ ಹೊತ್ತು ಅವನ್ನು ಎದುರುಬದುರು ಬಿಟ್ಟಾಗ ಒಂದು ಮೆರೆಯುತ್ತಿತ್ತು, ಇನ್ನೊಂದು ಮುದುಡುತ್ತಿತ್ತು. ಬದುಕಿಡೀ ಇದೇ. ಮುದುಡಿದ ಇಲಿಗಳು ಮೆರೆದವುಗಳಿಗಿಂತ ಬೇಗ ಸತ್ತವು.

2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಟ್ಲಾಂಟದ ಯರ್ಕ್ಸ್ ಕೇಂದ್ರದ್ದು. ಒಂದಕ್ಕೊಂದು ಪರಿಚಯವಿಲ್ಲದ 45 ಹೆಣ್ಣು ಕೋತಿಗಳನ್ನು ಐದೈದರ ಗುಂಪು ಮಾಡಿ, ಒಂದೊಂದಾಗಿ ಒಳಗೆ ಬಿಟ್ಟರು. ಮೊದಲು ಬಂದದ್ದು ಮೇಲೆ, ಕೊನೆಗೆ ಬಂದದ್ದು ಕೆಳಗೆ. ಬಾಗಿಲು ತೆರೆದ ಸರದಿಯೇ ಅಂತಸ್ತು, ಬೇರೆ ಯಾವ ಯೋಗ್ಯತೆಯೂ ಅಲ್ಲ! ಕೆಳಗಿನದಕ್ಕೆ ಬೆದರಿಕೆ ಹೆಚ್ಚು, ಹೇನು ಹೆಕ್ಕುವ ಜೊತೆಗಾರರು ಕಡಿಮೆ. ಅವುಗಳ ಬಿಳಿ ರಕ್ತಕಣಗಳಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಹೆಚ್ಚು ಚುರುಕಾಗಿದ್ದವು. ವರ್ಷಗಟ್ಟಲೆ ಆರದ ಉರಿಯೂತ ಹೃದ್ರೋಗ, ಸಕ್ಕರೆ ಕಾಯಿಲೆಯಂಥ ಮುಪ್ಪಿನ ರೋಗಗಳ ಜೊತೆಗಾರ. ಈ ಅಧ್ಯಯನ ಆಯಸ್ಸನ್ನು ಅಳೆಯಲಿಲ್ಲ, ಅದನ್ನು ಮರೆಯಬಾರದು. ಆದರೆ ಸುಮಾರು ಒಂದು ವರ್ಷದ ನಂತರ ಗುಂಪುಗಳನ್ನು ಒಡೆದು ಹೊಸದಾಗಿ ಕಟ್ಟಿದರು. ಕೋತಿಯ ಸ್ಥಾನ ಬದಲಾದಂತೆ ಆ ಜೀನ್‌ಗಳ ನಡೆಯೂ ಬದಲಾಯಿತು. ಹಣೆಬರಹವಾಗಿದ್ದರೆ ಬದಲಾಗುತ್ತಿತ್ತೇ?

ಇಲ್ಲಿಯವರೆಗೆ ನಮಗೆ ಸಮಾಧಾನ. ಮುಂದಿನದು ಅಷ್ಟು ಸಲೀಸಲ್ಲ. ಕೆಳಗಿಟ್ಟರೆ ಮೈ ಬೇಗ ಸವೆಯುತ್ತದೆ ಎಂದು ತಿಳಿಯಲು ಒಂದು ಜೀವವನ್ನು ಬೇಕೆಂದೇ ಕೆಳಗಿಟ್ಟರು. ಆ ಇಲಿ ಕೊನೆಯ ಉಸಿರಿನವರೆಗೂ ಭಯ ಉಂಡಿತು. ನಮ್ಮ ಅಜ್ಜಿಯರನ್ನು ಕೇಳಿದ್ದರೆ ಹೇಳುತ್ತಿರಲಿಲ್ಲವೇ? ಹೇಳುತ್ತಿದ್ದರು. ಆದರೆ ಅವರ ಮಾತನ್ನು ಸಾಕ್ಷಿ ಎಂದು ಯಾರೂ ಬರೆದುಕೊಳ್ಳಲಿಲ್ಲ. ಇಲಿಯ ಸಾವನ್ನು ಬರೆದುಕೊಂಡರು. ಔಷಧಿಗಾಗಿ ನಡೆಯುವ ಪ್ರಯೋಗಗಳನ್ನೆಲ್ಲ ಬೇಡ ಎನ್ನುವ ಧೈರ್ಯ ನನಗಿಲ್ಲ, ಮನೆಯಲ್ಲಿ ಬಿಪಿ ಮಾತ್ರೆ ನುಂಗುವವರಿದ್ದಾರೆ. ಆದರೂ ಪಂಚಶೀಲದ ಮೊದಲ ಶೀಲ ಹೇಳುವಾಗ ಆ ತಡಿಕೆಯ ಆಚೆ ಮುದುಡಿ ಕೂತ ಇಲಿ ನೆನಪಾಗುತ್ತದೆ. ಅದಕ್ಕೆ ನಾವೇನು ಉತ್ತರ ಕೊಡುತ್ತೇವೆ? ಬಳಗದಲ್ಲಿ ಮಾತಾಡೋಣ.