ಸುಳ್ಳಾದ ಎಚ್ಚರಿಕೆಯ ಕೂಲಿ

ಕಾವೇರಿ ಕೊಡಗನ್ನು ಬಿಟ್ಟು ಹೊರಡುವ ಕಡೆಯ ಊರು ನಮ್ಮ ಶಿರಂಗಾಲ. ಭಾಗಮಂಡಲದ ಮಳೆ, ಹಾರಂಗಿ ಅಣೆಕಟ್ಟೆಯಿಂದ ಬಿಟ್ಟ ನೀರು ಎಲ್ಲ ಕೂಡಿಗೆಯ ಹತ್ತಿರ ಒಂದಾಗಿ ನಮ್ಮ ಮುಂದೆಯೇ ಹಾದು ಹೋಗಬೇಕು. ಮೇಲೆ ಏನಾಯ್ತು ಅನ್ನೋದು ನಮಗೆ ನೀರಿನ ಬಣ್ಣದಲ್ಲೇ ತಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಕುಸಿದಾಗ ಹೊಳೆ ಕೆಂಪಗಾಗಿ ಬಂತು. ಅದೇ ಮಳೆಯಲ್ಲಿ ಕುಶಾಲನಗರದ ಕುವೆಂಪು ಬಡಾವಣೆ, ಸಾಯಿ ಬಡಾವಣೆಗಳಿಗೆ ನೀರು ನುಗ್ಗಿತು. 2019ರಲ್ಲಿ ಮತ್ತೆ ನುಗ್ಗಿತು. ದಂಡೆಯ ಗದ್ದೆಗೆ ಮಣ್ಣು ತುಂಬಿ ಸೈಟು ಮಾಡಿದರೆ, ಅದು ಬಡಾವಣೆ ಅಂತ ಹೊಳೆಗೇನು ಗೊತ್ತು ಸ್ವಾಮಿ?

ಹೊಳೆಯಾದರೂ ಏರೋದಕ್ಕೆ ಒಂದಷ್ಟು ಗಂಟೆ ತಗೊಳ್ಳುತ್ತದೆ. ಬೆಂಗಳೂರಿನಂಥ ಪಟ್ಟಣದ ನೀರು ಹಾಗಲ್ಲ. ನೆಲವೆಲ್ಲ ಕಾಂಕ್ರೀಟು, ಹೀರಿಕೊಳ್ಳೋಕೆ ಮಣ್ಣಿಲ್ಲ. ಅರ್ಧ ಗಂಟೆ ಜಡಿದರೆ ಸಾಕು, ರಾಜಕಾಲುವೆ ಉಕ್ಕುತ್ತದೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೆರೆ ಹೋಯಿತು, ಇಳಿಜಾರು ಅಲ್ಲೇ ಉಳಿಯಿತು. ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವ ಆ ಲೆಕ್ಕವನ್ನು ಎಷ್ಟೋ ಕಡೆ ಕೈಯಲ್ಲಿ ಇಟ್ಟುಕೊಂಡಿದ್ದವರು ನಮ್ಮ ನೀರಗಂಟಿಗಳು. ತೂಬು ಎತ್ತುವ ಹೊತ್ತು ಅವರಿಗೆ ಗೊತ್ತಿತ್ತು. ಆ ಅರಿವನ್ನು ವಿದ್ಯೆ ಅಂತ ಯಾರೂ ಕರೆಯಲಿಲ್ಲ, ಚಾಕರಿ ಅಂದರು.

ಈಗ ವಿದ್ಯೆ ಬಂದಿದೆ. ಬೇಡ ಅನ್ನೋರು ನಾವಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಪಂಚಾಯಿತಿಗೂ ಮಳೆಮಾಪಕ ಇಟ್ಟಿದೆ. ಬೆಂಗಳೂರಿನ ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯವರೂ ಕೂಡಿ, ಯಾವ ಕಡೆ ನೀರು ನಿಲ್ಲುತ್ತದೆ ಅಂತ ಮೊಬೈಲಿನಲ್ಲೇ ತೋರಿಸುವ ‘ಮೇಘಸಂದೇಶ’ ಮಾಡಿದರು. ಇಷ್ಟಾದರೂ 2023ರ ಮೇ 21ರಂದು, ಹಾಡಹಗಲು, ಕೆ.ಆರ್. ಸರ್ಕಲ್ಲಿನ ಕೆಳಸೇತುವೆಯಲ್ಲಿ ನಿಂತ ಮಳೆನೀರಿನಲ್ಲಿ ಕಾರಿನೊಳಗಿದ್ದ ಒಬ್ಬ ಹೆಣ್ಣುಮಗಳು ಸತ್ತಳು. ಅಲ್ಲಿ ಬೇಕಾಗಿದ್ದದ್ದು ಯಂತ್ರವಲ್ಲ, ದಾರಿಗೆ ಅಡ್ಡ ನಿಂತು ‘ಹೋಗಬ್ಯಾಡಿ’ ಅನ್ನುವ ಒಬ್ಬ ಮನುಷ್ಯ.

ನಮ್ಮನ್ನು ಕಾಡುವ ಪ್ರಶ್ನೆ ಇದರಾಚೆಗಿದೆ. ಮುನ್ಸೂಚನೆ ಅಂದರೆ ಖಾತ್ರಿ ಮಾತಲ್ಲ. ಹತ್ತು ಸಲ ಹೇಳಿದರೆ ನಾಲ್ಕು ಸಲ ಸುಳ್ಳಾಗಬಹುದು. ಅದು ವಿಜ್ಞಾನದ ತಪ್ಪಲ್ಲ, ಮೋಡದ ಗುಣ. ಆದರೆ ಸುಳ್ಳಾದಾಗ ಕಳಕೊಳ್ಳೋರು ಯಾರು? ತಿಂಗಳ ಸಂಬಳದವನು ಮನೆಯಲ್ಲಿ ಕೂತರೆ ಅವನಿಗೆ ರಜೆ. ಗಾರೆ ಕೆಲಸದವಳು ಕೂತರೆ ಅವತ್ತು ಒಲೆ ಹಚ್ಚುವಂತಿಲ್ಲ. ಸುಳ್ಳಾದರೆ ಬೈಸಿಕೊಳ್ಳಬೇಕಲ್ಲ ಅಂತ ಅಧಿಕಾರಿಯೂ ಹಿಂಜರಿದು, ಖಾತ್ರಿಯಾಗಲಿ ಅಂತ ಕಾಯುತ್ತಾನೆ. ಖಾತ್ರಿ ಬರೋದು ನೀರಿನ ಜೊತೆಗೇ. ಒಬ್ಬನ ಮಾನ ಉಳಿಯಲಿ ಅಂತ ಇನ್ನೊಬ್ಬನ ಗುಡಿಸಲು ಮುಳುಗಬೇಕೇ?

ಹಿಂದೆ ಊರಿಗೆ ಸುದ್ದಿ ಸಾರಲು ತಮಟೆ ಹೊಡೆಯುತ್ತಿದ್ದವರು ನಾವೇ. ಸುದ್ದಿ ಮೊದಲು ಬರುತ್ತಿದ್ದದ್ದು ನಮ್ಮ ಕೈಗೆ. ಸಾರುತ್ತಿದ್ದದ್ದು ಮಾತ್ರ ಮೊದಲು ಮೇಲಿನ ಬೀದಿಗೆ, ತಗ್ಗಿನ ಕೇರಿಗೆ ಕಡೆಯಲ್ಲಿ. ಹೊಳೆ ಬರೋದು ತಗ್ಗಿಗೆ ಮೊದಲು! ಬೆಂಗಳೂರೂ ಹಾಗೇ ನಡೆಯುತ್ತಿದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ದೊಡ್ಡ ಮನೆಗಳವರು ಟ್ರ್ಯಾಕ್ಟರ್ ಹತ್ತಿದಾಗ ದೇಶವೆಲ್ಲ ನೋಡಿತು. ಕಾಲುವೆ ಪಕ್ಕದ ಕೊಳೆಗೇರಿಗಳಲ್ಲಿ ಪಾತ್ರೆಯಿಂದ ನೀರು ಎತ್ತಿ ಹೊರಗೆ ಚೆಲ್ಲೋದು ಮಾತ್ರ ಸುದ್ದಿಯೇ ಅಲ್ಲ.

ತಗ್ಗಿನಲ್ಲಿ ಇರಬೇಡಿ ಅಂತಾರೆ. ಸರಿ, ದಿಬ್ಬದಲ್ಲಿ ಜಾಗ ತೋರಿಸಿ. ಸಿದ್ದಾಪುರದ ಹತ್ತಿರ ಕರಡಿಗೋಡು, ಗುಹ್ಯದಲ್ಲಿ 2019ರ ನೆರೆಗೆ ಹೊಳೆದಂಡೆಯ ಮನೆಗಳು ಹೋದವು. ಇದ್ದವರಲ್ಲಿ ಹೆಚ್ಚಿನವರು ಕೂಲಿಯವರು. ಎತ್ತರದ ನೆಲವೆಲ್ಲ ಕಾಫಿ ತೋಟವಾದ ಮೇಲೆ ಅವರಿಗೆ ಸಿಕ್ಕಿದ್ದೇ ದಂಡೆ. ಅದಕ್ಕೆ ಒತ್ತುವರಿ ಅಂತ ಹೆಸರು. ನಮ್ಮ ತಪ್ಪನ್ನೂ ಹೇಳಿಬಿಡೋಣ. ಕೆರೆ ಅಂಗಳದಲ್ಲಿ ಸೈಟು ಹಂಚುತ್ತೇವೆ ಅಂದಾಗ ನಮ್ಮವರೂ ಸಾಲು ನಿಂತಿದ್ದುಂಟು. ಬೇರೆ ಏನು ಕೊಟ್ಟಿದ್ದರು ಅನ್ನೋದು ಬೇರೆ ಮಾತು.

ನಾವು ಕೇಳೋದು ದೊಡ್ಡದೇನಲ್ಲ. ಎಚ್ಚರಿಕೆ ಕೊಟ್ಟ ದಿನ, ನೀರು ಬರಲಿ ಬಿಡಲಿ, ಎದ್ದು ಹೋದವರಿಗೆ ಅಂದಿನ ಕೂಲಿ ಕಟ್ಟಿಕೊಡಿ. ಸುಳ್ಳಿನ ಖರ್ಚು ಸರ್ಕಾರದ್ದಾಗಲಿ. ಆಗ ಹೇಳೋನಿಗೂ ಬೇಗ ಹೇಳೋ ಧೈರ್ಯ ಬರುತ್ತದೆ, ಕೇಳೋನಿಗೂ ಏಳೋ ಧೈರ್ಯ ಬರುತ್ತದೆ. ನೀರು ಇಳಿದ ಮೇಲೆ ಆ ಕಾಲುವೆಗೆ ಇಳಿಯೋರು ಯಾರು ಅನ್ನೋದನ್ನೂ ಮುಂಚೆಯೇ ಬರೆದಿಡಿ. ಮಲದ ಗುಂಡಿಗೆ ಮನುಷ್ಯನನ್ನು ಇಳಿಸಬಾರದು ಅಂತ 2013ರಲ್ಲೇ ಕಾನೂನಾಗಿದೆ. ಕೆಸರು ಬಂದಾಗ ಮಾತ್ರ ಅದು ಯಾರಿಗೂ ನೆನಪಾಗುವುದಿಲ್ಲ.

ಒಂದು ಮಳೆಗಾಲ ಹೊಳೆ ಏರುತ್ತಿದ್ದಾಗ ಮೈಕು ಕಟ್ಟಿದ ಜೀಪು ದಂಡೆಗೆ ಬಂತು. ‘ಸುರಕ್ಷಿತ ಸ್ಥಳಗಳಿಗೆ ತೆರಳಬೇಕು’ ಅಂತ ಕೂಗಿತು. ಕೇರಿಯ ಅಜ್ಜಿಯೊಬ್ಬಳು ಕೋಳಿ ಕಂಕುಳಲ್ಲಿ ಇಟ್ಟುಕೊಂಡೇ ಕೇಳಿದಳು: ‘ಹೋಗಾನ ಬುಡಪ್ಪ. ನೀರು ಬರದೇ ಹೋದ್ರೆ ಇವತ್ತಿನ ಕೂಲಿ ಯಾರು ಕೊಟ್ಟೀರಿ?’ ಮೈಕಿನವನು ನಕ್ಕ. ಜೀಪು ಮುಂದಿನ ಊರಿಗೆ ಹೋಯಿತು.