ಸತ್ತ ನಾಯಿಯ ವಾರಸುದಾರರು

ರಸ್ತೆಯಲ್ಲಿ ನಾಯಿ ಸತ್ತರೆ ಅದು ಯಾರ ಸಾವು? ಹೀಗೆ ಕೇಳಿದರೆ ನಮ್ಮ ಗೆಳೆಯರೇ ನಗುತ್ತಾರೆ. ‘ಮನುಷ್ಯರು ಹುಳದ ಹಾಗೆ ಸಾಯೋ ದೇಶದಲ್ಲಿ ನಿಮಗೆ ನಾಯಿ ಚಿಂತೆ ಬಂತಾ?’ ಅಂತಾರೆ. ಆ ಮಾತಿನಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಆದರೆ ಸಿಟ್ಟು ನ್ಯಾಯವಾದದ್ದು ಎಂದ ಮಾತ್ರಕ್ಕೆ ಅದು ತೋರಿಸುವ ದಾರಿಯೂ ನ್ಯಾಯವಾದದ್ದೇ ಆಗಬೇಕಿಲ್ಲ. ಅದನ್ನೇ ಇಲ್ಲಿ ಯೋಚಿಸಬೇಕೆಂದಿದ್ದೇವೆ.

ತುಮಕೂರಿನಿಂದ ಬಿ.ಎಚ್. ರಸ್ತೆ ಹಿಡಿದು ಗುಬ್ಬಿಗೆ ಹೋಗಿ, ಇಲ್ಲಾ ಕುಣಿಗಲ್ ದಾಟಿ ಯಡಿಯೂರಿನ ಕಡೆ ಹೋಗಿ. ಬೆಳಗಿನ ಹೊತ್ತು ಟಾರಿನ ಮೇಲೆ ನಾಯಿ ಬಿದ್ದಿರುತ್ತದೆ. ಮಧ್ಯಾಹ್ನಕ್ಕೆ ಲಾರಿಗಳು ಅದನ್ನು ಚಪ್ಪಟೆ ಮಾಡಿರುತ್ತವೆ. ಮಾರನೇ ದಿನ ತೊಗಲು, ಆಮೇಲೆ ಬರೀ ಕಲೆ. ಅದಕ್ಕೆ ಬುದ್ಧಿ ಇಲ್ಲ, ಅಡ್ಡ ಬಂತು, ಸತ್ತಿತು ಅನ್ನುತ್ತಾರೆ. ಬುದ್ಧಿಯ ಮಾತು ಬೇಡ. ಊರಿನ ನಡುವೆ ರಸ್ತೆ ಹಾಯಿಸಿದವರು ಯಾರು? ಹಟ್ಟಿ ಈ ಕಡೆ, ಹೋಟೆಲು, ಕೋಳಿ ಅಂಗಡಿ ಆ ಕಡೆ. ಅಂಗಡಿಯವನು ಕರುಳು, ಪುಕ್ಕ ರಸ್ತೆ ಪಕ್ಕವೇ ಸುರಿಯುತ್ತಾನೆ. ಚಳಿಗಾಲದ ರಾತ್ರಿ ಟಾರು ಬೆಚ್ಚಗಿರುತ್ತದೆ. ಸುಗ್ಗಿಯಲ್ಲಿ ಕಣಕ್ಕೆ ಜಾಗವಿಲ್ಲದವರು ರಾಗಿ ತೆನೆಯನ್ನು ರಸ್ತೆಗೇ ಹಾಸುತ್ತಾರೆ, ಆ ಹುಲ್ಲಿನ ಮೇಲೆ ನಾಯಿ ಮಲಗುತ್ತದೆ. ನಾಲ್ಕು ಪಥದ ರಸ್ತೆಯಲ್ಲಿ ಅರ್ಧ ದಾಟಿದ ನಾಯಿಗೆ ನಡುವಿನ ಡಿವೈಡರು ಅಡ್ಡ ಸಿಗುತ್ತದೆ. ಹಿಂದಕ್ಕೆ ತಿರುಗುತ್ತದೆ. ಹಾಗೆ ತಿರುಗಿದ್ದೇ ಸಾಯುತ್ತದೆ.

ಇನ್ನು ವೇಗದ ಲೆಕ್ಕ. ಗಂಟೆಗೆ 100 ಕಿ.ಮೀ. ವೇಗದ ಕಾರು, ಚಾಲಕ ಕಂಡು, ಕಾಲು ಬ್ರೇಕಿಗೆ ಹೋಗಿ, ಪೂರ್ತಿ ನಿಲ್ಲುವ ಹೊತ್ತಿಗೆ ಸುಮಾರು 100 ಮೀಟರ್ ಓಡಿರುತ್ತದೆ. 50ರ ವೇಗದಲ್ಲಿ 35 ಮೀಟರ್ ಸಾಕು. ತಗ್ಗಿಸಿದ ಹೆಡ್‌ಲೈಟು ತೋರಿಸುವುದು 50 ಮೀಟರ್ ಆಸುಪಾಸು. ಅಂದರೆ ನಾಯಿ ಕಣ್ಣಿಗೆ ಬೀಳುವ ಮೊದಲೇ ಅದರ ತೀರ್ಪು ಬರೆದಾಗಿರುತ್ತದೆ. ‘ನಾಯಿ ಬಂತು ಅಂತ ಸ್ಟೇರಿಂಗ್ ಎಳೀಬೇಡ’ ಎಂದು ಹಳೇ ಡ್ರೈವರುಗಳು ಹೇಳಿಕೊಡುತ್ತಾರೆ. ಸರಿಯಾದ ಮಾತು, ಎಳೆದರೆ ಪಕ್ಕದ ಬೈಕಿನವನು ಹೋಗುತ್ತಾನೆ. ಆದರೆ ನೈತಿಕತೆಯ ಪ್ರಶ್ನೆ ಆ ಕೊನೆಯ ಕ್ಷಣದ್ದಲ್ಲ. ಊರಿನ ಬೋರ್ಡು ಕಂಡಾಗ ಕಾಲು ಎಲ್ಲಿತ್ತು ಎನ್ನುವುದು ಪ್ರಶ್ನೆ.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 134ನೇ ಕಲಂ ಪ್ರಕಾರ ಅಪಘಾತ ಮಾಡಿದವನು ಗಾಯಗೊಂಡ ವ್ಯಕ್ತಿಯನ್ನು ಆಸ್ಪತ್ರೆಗೆ ಸೇರಿಸಬೇಕು. ವ್ಯಕ್ತಿಯನ್ನು ಮಾತ್ರ. 2018ರಲ್ಲಿ ಬೆಂಗಳೂರಿನಲ್ಲಿ ಕಾರೊಂದು ಸಾಕುನಾಯಿಗೆ ಹೊಡೆದು ನಾಯಿ ಸತ್ತಿತು, ಕೇಸಾಯಿತು. 2022ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟು ಕೇಸು ರದ್ದು ಮಾಡಿತು. ನಾಯಿ ವ್ಯಕ್ತಿಯಲ್ಲ, ಚಾಲಕನಿಗೆ ಆ ನಾಯಿಯ ಮೇಲೆ ದ್ವೇಷವೂ ಇರಲಿಲ್ಲ ಎಂಬುದು ಅದರ ತರ್ಕ. ಅದೇ ವರ್ಷ ಡಿಸೆಂಬರಿನಲ್ಲಿ ಮುಂಬೈ ಹೈಕೋರ್ಟು ಅಂಥದೇ ಕೇಸು ರದ್ದು ಮಾಡಿ, ಸರ್ಕಾರಕ್ಕೆ 20,000 ರೂಪಾಯಿ ದಂಡ ಹಾಕಿತು. ಅಲ್ಲಿ ಪೊಲೀಸರು ಕೇಸು ಹಾಕಿದ್ದು ಓದುತ್ತಾ ಊಟದ ಪೊಟ್ಟಣ ತಲುಪಿಸುವ ಬೈಕಿನ ಹುಡುಗನ ಮೇಲೆ. ಆ ಹುಡುಗ ಜೈಲಿಗೆ ಹೋಗಬೇಕಿತ್ತು ಅಂತ ನಾವು ಹೇಳುವುದಿಲ್ಲ. ಎಳನೀರು ಹೇರಿಕೊಂಡು ಬೆಳಕು ಹರಿಯೋದರೊಳಗೆ ಮಂಡಿ ಸೇರಬೇಕಾದ ಟೆಂಪೋ ಹುಡುಗರು ನಮ್ಮ ಹಟ್ಟಿಯವರೇ. ಅವರ ಕಾಲು ಆಕ್ಸಿಲರೇಟರ್ ಮೇಲಿದ್ದರೂ, ಆ ಕಾಲನ್ನು ಒತ್ತುವವನು ಮಂಡಿಯ ಗದ್ದಿಗೆಯಲ್ಲಿ ಕೂತಿರುತ್ತಾನೆ.

ನಮಗೆ ಚುಚ್ಚುವುದು ‘ದ್ವೇಷ ಇರಲಿಲ್ಲ’ ಎಂಬ ಮಾತು. ಕಾನೂನಿನ ಲೆಕ್ಕಕ್ಕೆ ಅದು ಸರಿಯಿರಬಹುದು. ಆದರೆ ನಮ್ಮ ಅಜ್ಜನಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನಿಗೂ ದ್ವೇಷ ಇರಲಿಲ್ಲ. ನೀರನ್ನು ಎತ್ತರದಿಂದ ಬೊಗಸೆಗೆ ಸುರಿದ ಗೌಡತಿಗೂ ಇರಲಿಲ್ಲ. ‘ಮೊದಲಿಂದ ಬಂದದ್ದಪ್ಪ, ನಾವೇನ್ ಮಾಡೋದು’ ಅನ್ನುತ್ತಿದ್ದರು. ಕ್ರೌರ್ಯಕ್ಕೆ ದ್ವೇಷ ಬೇಕಾಗಿಲ್ಲ, ರೂಢಿ ಸಾಕು. ರಸ್ತೆಯ ಮೇಲಿನ ಕ್ರೌರ್ಯ ಅಂಥದು.

ಹಳೆಯ ದಂಡ ಸಂಹಿತೆಯ 428ನೇ ಕಲಮಿನಲ್ಲಿ ಪ್ರಾಣಿಗೆ ಬೆಲೆ ಕಟ್ಟಿದ್ದರು: 10 ರೂಪಾಯಿ ಬಾಳಿದರೆ ಮಾತ್ರ ಅದನ್ನು ಕೊಂದದ್ದು ಅಪರಾಧ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಆ ಬೆಲೆ ತೆಗೆದುಹಾಕಿತು. ಒಳ್ಳೆಯದು. ಕಾಗದದಿಂದ ಬೆಲೆ ಹೋಯಿತು, ಕಣ್ಣಿನಿಂದ ಹೋಗಲಿಲ್ಲ.

ಈಗ ಕಾರಿನ ಒಳಗಿನ ನಾಯಿಯನ್ನು ನೋಡಿ. ಅದಕ್ಕೆ ಹೆಸರಿದೆ, ಡಾಕ್ಟರಿದ್ದಾನೆ, ಎದೆಗೆ ಬಿಗಿಯುವ ಪಟ್ಟಿಯಿದೆ. ಇದನ್ನು ಕಂಡು ಹಲ್ಲು ಕಡಿಯುವವರಿದ್ದಾರೆ. ನಾವು ಕಡಿಯುವುದಿಲ್ಲ. 60 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದರೆ ಒಳಗಿನ ನಾಯಿಗೆ ಬೀಳುವ ಪೆಟ್ಟು 14 ಮೀಟರ್ ಎತ್ತರದಿಂದ ಬಿದ್ದ ಹಾಗೆ, ನಾಲ್ಕು ಮಹಡಿಯಿಂದ ನೂಕಿದ ಹಾಗೆ. ಅದು ಹಾರಿ ಬಂದು ಮುಂದಿನವರ ಕತ್ತನ್ನೂ ಮುರಿಯಬಲ್ಲದು. ಆದ್ದರಿಂದ ಕಟ್ಟಬೇಕು. ಕುತ್ತಿಗೆಯ ಪಟ್ಟಿಗಲ್ಲ, ಎದೆಪಟ್ಟಿಗೆ. ಹಿಂದಿನ ಸೀಟಿನಲ್ಲಿ, ಬೆಲ್ಟಿನ ಕೊಂಡಿಗೆ. ಡ್ರೈವರನ ತೊಡೆಯ ಮೇಲೆ ಕೂರಿಸಬಾರದು, ಕಿಟಕಿಯಿಂದ ತಲೆ ಹೊರಗೆ ಬಿಡಬಾರದು. ಬಾಗಿಲು ತೆಗೆಯುವ ಮೊದಲು ಹಗ್ಗ ಕೈಯಲ್ಲಿರಬೇಕು. ಬಿಸಿಲಲ್ಲಿ ಗಾಜು ಏರಿಸಿ ಬಿಟ್ಟು ಹೋದರೆ ಹತ್ತೇ ನಿಮಿಷಕ್ಕೆ ಒಳಗಿನ ಶಾಖ ಹತ್ತು ಡಿಗ್ರಿ ಏರುತ್ತದೆ. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕಿ ತೇಕಿ ಸಾಯುತ್ತದೆ. ಇಷ್ಟನ್ನೂ ಮಾಡುವವನು ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದಾನೆ. ಅದೇ ಕಾರು ಗುಬ್ಬಿಯೊಳಗೆ 100ರಲ್ಲಿ ಹೋದರೆ? ಗಾಜಿನ ಒಳಗೆ ಕರುಣೆ, ಗಾಜಿನ ಹೊರಗೆ ಟಾರಿನ ಕಲೆ. ಗಾಜಿಗೆ ಮುಗಿಯುವ ಕರುಣೆ ಕರುಣೆಯಲ್ಲ, ಅದು ಆಸ್ತಿಯ ಕಾವಲು.

ಆಸ್ತಿ ಅಲ್ಲದವರ ಪಾಡು ಏನೆಂದು ತುಮಕೂರು ಜಿಲ್ಲೆಯ ರಸ್ತೆಗೆ ಗೊತ್ತು. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಬಾಳೇನಹಳ್ಳಿ ಬಳಿ ಕ್ರೂಸರ್ ಒಂದು ಲಾರಿಗೆ ಡಿಕ್ಕಿ ಹೊಡೆಯಿತು. ಒಳಗಿದ್ದವರು ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಇಪ್ಪತ್ತಕ್ಕೂ ಹೆಚ್ಚು ಜನ, ಹೆಂಗಸರು ಮಕ್ಕಳೂ ಸೇರಿ. ಒಂಬತ್ತು ಮಂದಿ ಸತ್ತರು. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಲಾರಿಯಲ್ಲಿ ಸಾಗಿಸುವ ಹಸುವಿಗೆ, ಎಮ್ಮೆಗೆ ತಲಾ 2 ಚದರ ಮೀಟರ್ ಜಾಗ ಬಿಡಬೇಕೆಂದು ಬರೆದಿದ್ದಾರೆ. ಕೂಲಿಯವನ ಜಾಗವನ್ನೂ ಕಾನೂನು ಬರೆದಿದೆ, ಅಳೆದು ಕೊಡುವವರು ಮಾತ್ರ ಇಲ್ಲ.

ಅದೇ 2022ರ ಜನವರಿಯಲ್ಲಿ ಬೆಂಗಳೂರಿನ ಜಯನಗರದಲ್ಲಿ ರಸ್ತೆ ಬದಿ ಮಲಗಿದ್ದ ಲಾರಾ ಎಂಬ ಬೀದಿನಾಯಿಯ ಮೇಲೆ ಕಾರು ಹರಿದು ಅದು ಸತ್ತಾಗ ಜನ ಸೇರಿ ಗೌರವದಿಂದ ಬೀಳ್ಕೊಟ್ಟರು. ನಮ್ಮ ಗೆಳೆಯರು ಕೇಳುವುದು ಇಲ್ಲೇ: ‘ಆ ಹೂವಿನಲ್ಲಿ ಒಂದು ಎಸಳಾದರೂ ರಾಯಚೂರಿನ ಕೂಲಿಗಳಿಗೆ ಸಿಕ್ಕಿತಾ?’ ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಲಾರಾಳಿಗಿಟ್ಟ ಹೂವನ್ನು ಕಿತ್ತುಕೊಳ್ಳುವುದಲ್ಲ. ಮಾಲೀಕನಿಲ್ಲದ ನಾಯಿಗೆ ಅತ್ತರಲ್ಲ, ಆ ಅಳು ಸರಿಯಾದ ಅಳು. ಅದು ಇನ್ನೂ ಮುಂದಕ್ಕೆ ಬರಬೇಕಿತ್ತು, ಶಿರಾದವರೆಗೆ ಬರಬೇಕಿತ್ತು. ಬರಲಿಲ್ಲ ಎನ್ನುವುದಷ್ಟೇ ನಮ್ಮ ತಕರಾರು.

ನಾಯಿ ಮೇಲೋ ನಾವು ಮೇಲೋ ಎಂಬ ಪಂದ್ಯವನ್ನು ಕಟ್ಟಿದವರು ನಾವಲ್ಲ. ಚಂಡಾಲರೂ ಶ್ವಪಚರೂ ಊರ ಹೊರಗಿರಬೇಕು, ನಾಯಿ ಕತ್ತೆಗಳೇ ಅವರ ಆಸ್ತಿ ಎಂದು ಮನು ಬರೆದ. ಮಹಾಡದ ಕೆರೆಯಲ್ಲಿ ದನ ನಾಯಿ ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಹೋಗಿ ಮುಟ್ಟಿದರು. ಮುಟ್ಟಿದ್ದು ನೀರನ್ನು, ನಾಯಿಯನ್ನು ಕೆರೆಯಿಂದ ಓಡಿಸಿ ಅಂತ ಅವರು ಕೇಳಲಿಲ್ಲ. ಮೆಟ್ಟಿಲಲ್ಲಿ ನಮಗಿಂತ ಕೆಳಗೆ ಇನ್ನೊಂದು ಜೀವವನ್ನು ಇಟ್ಟುಕೊಂಡು ಸಮಾಧಾನ ಪಡುವುದೇ ಜಾತಿ. ಮೇಲಿನವನು ನಮಗೆ ಮಾಡಿದ್ದನ್ನು ನಾವು ನಾಯಿಗೆ ಮಾಡಿದರೆ ಮೆಟ್ಟಿಲು ಒಡೆದಂತಾಗುವುದಿಲ್ಲ, ಒಂದು ಮೆಟ್ಟಿಲು ಹೆಚ್ಚಾಗುತ್ತದೆ.

ಮಹಾಭಾರತದ ಕೊನೆಗೆ ಧರ್ಮರಾಯ ನಾಯಿಯನ್ನು ಬಿಟ್ಟು ಇಂದ್ರನ ರಥ ಹತ್ತಲು ಒಪ್ಪಲಿಲ್ಲವಂತೆ. ಹರಿಕಥೆಯಲ್ಲಿ ಈ ಭಾಗಕ್ಕೆ ಎಲ್ಲರ ಕಣ್ಣಲ್ಲೂ ನೀರು. ನಾಯಿ ವೇಷದಲ್ಲಿದ್ದದ್ದು ಯಮಧರ್ಮ, ಸಾಕ್ಷಾತ್ ಅವನ ಅಪ್ಪ! ಅದೇ ಕತೆಯಲ್ಲಿ ಇನ್ನೊಂದು ನಾಯಿ ಇದೆ. ಕಾಡಿನಲ್ಲಿ ಏಕಲವ್ಯನನ್ನು ಕಂಡು ಬೊಗಳಿತು. ಅವನು ಏಳು ಬಾಣಗಳಿಂದ ಅದರ ಬಾಯಿ ಮುಚ್ಚಿಸಿದ, ಪ್ರಾಣ ತೆಗೆಯಲಿಲ್ಲ. ಆ ನಾಯಿ ಪಾಂಡವರದು. ಆಮೇಲೆ ಹೆಬ್ಬೆರಳು ಹೋದದ್ದು ಏಕಲವ್ಯನದು. ರಥದೊಳಗಿನ ನಾಯಿಗೆ ಹಟ ಹಿಡಿದ ಧರ್ಮ ಬೇಡರ ಹುಡುಗನ ಬೆರಳಿಗೆ ಬಾಯಿ ಬಿಡಲಿಲ್ಲ. ಇವತ್ತಿನ ಹೆದ್ದಾರಿಯಲ್ಲಿ ಓಡುತ್ತಿರುವುದು ಅದೇ ರಥ.

ಕೊನೆಗೆ ಉಳಿಯುವ ಪ್ರಶ್ನೆ, ಆ ಹೆಣ ಎತ್ತುವವರು ಯಾರು? ಹೊಡೆದವನು ಎತ್ತುವುದಿಲ್ಲ, ಮೂಗು ಮುಚ್ಚಿಕೊಂಡು ಹೋದವನೂ ಎತ್ತುವುದಿಲ್ಲ. ಪಟ್ಟಣದಲ್ಲಿ ಬೆಳಗಾಗುವ ಮೊದಲು ಪೌರಕಾರ್ಮಿಕರು ಬರುತ್ತಾರೆ, ಅವರಲ್ಲಿ ಬಹುಪಾಲು ನಮ್ಮವರೇ. ಹಳ್ಳಿಯಲ್ಲಿ ಇವತ್ತಿಗೂ ‘ಆ ಕೇರಿಯವರಿಗೆ ಹೇಳಿ’ ಅನ್ನುತ್ತಾರೆ. ಸತ್ತ ದನ ಎಳೆಯುವ ಬಿಟ್ಟಿ ಚಾಕರಿ ಬಿಡಲು ನಮ್ಮ ಹಿರಿಯರು ಏಟು ತಿಂದಿದ್ದಾರೆ, ಬಹಿಷ್ಕಾರ ಉಂಡಿದ್ದಾರೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದವರನ್ನು ಕಟ್ಟಿ ಹೊಡೆದಾಗ ಅಲ್ಲಿನ ದಲಿತರು ಹೆಣ ಎತ್ತುವುದನ್ನೇ ನಿಲ್ಲಿಸಿದರು. ಕೊಲ್ಲುವ ವೇಗ ಒಬ್ಬನದು, ಎತ್ತುವ ಕೈ ಇನ್ನೊಬ್ಬನದು. ಹೆದ್ದಾರಿ ಹೊಸದು, ಈ ಪಾಲುಪಟ್ಟಿ ಬಹಳ ಹಳೆಯದು.

ಹಾಗಾದರೆ ಏನು ಮಾಡೋದು? ಊರು ಬಂದಾಗ 100 ಇದ್ದದ್ದು 40ಕ್ಕೆ ಇಳಿಯಲಿ. ನಾಯಿಗೆ ಇಳಿಯುವ ವೇಗ ಸ್ಕೂಲಿನ ಮಗುವಿಗೂ ಇಳಿದಿರುತ್ತದೆ. ಸಾಕಿದವರು ರಾತ್ರಿ ನಾಯಿಯನ್ನು ರಸ್ತೆಗೆ ಬಿಡದಿರಲಿ, ಕೊರಳಿಗೆ ಹೊಳೆಯುವ ಪಟ್ಟಿ ಹಾಕಲಿ. ಕೋಳಿ ಅಂಗಡಿಯ ಕಸ ರಸ್ತೆಗೆ ಬೀಳದ ಹಾಗೆ ಪಂಚಾಯ್ತಿ ನೋಡಿಕೊಳ್ಳಲಿ. ಹೊಡೆದವನು ಗಾಡಿ ನಿಲ್ಲಿಸಲಿ, ಜೀವವಿದ್ದರೆ ದನದ ಆಸ್ಪತ್ರೆಗೆ ಒಯ್ಯಲಿ. ಸತ್ತಿದ್ದರೆ ಅವನೇ ಇಳಿದು ಅದನ್ನು ಪಕ್ಕಕ್ಕೆ ಎಳೆದು ಮಣ್ಣು ಮಾಡಲಿ. ತನ್ನ ಕೈಯಿಂದ ಒಂದು ಸಲ ಹೆಣ ಎತ್ತಿದವನ ಕಾಲು ಮುಂದಿನ ಊರಿನಲ್ಲಿ ತಾನಾಗಿ ಬ್ರೇಕಿಗೆ ಹೋಗುತ್ತದೆ. ಅಲ್ಲಿಯವರೆಗೆ, ‘ನಾವು ಪ್ರಾಣಿಪ್ರಿಯರು’ ಎನ್ನುವವರನ್ನು ನಾವು ಇಷ್ಟೇ ಕೇಳುತ್ತೇವೆ: ಸ್ವಾಮಿ, ನಿಮ್ಮ ನಾಯಿಯನ್ನು ಕಟ್ಟಿದ್ದೀರಿ, ಸರಿ. ನಿಮ್ಮ ವೇಗವನ್ನು ಕಟ್ಟಿದ್ದೀರಾ?